ಭೂತಗನ್ನಡಿಯಲ್ಲಿ ಕಂಡ ಸಂಸಾರಗಳು

ಕಣ್ಣಿಗೆ ಕಾಣದ ಜೀವಿಗಳ ಬೆನ್ನು ಹತ್ತುವ ಕೆಲಸಕ್ಕೆ ಸೇರಿದರೆ, ಕಣ್ಣಿಗೆ ಕಾಣುವ ಮನುಷ್ಯರಿಂದ ವಾರಕ್ಕೊಂದಾದರೂ ತಮಾಷೆ ನಡೆಯುತ್ತಲೇ ಇರುತ್ತದೆ. ನಾನು ಆ ಕೆಲಸ ಹಿಡಿದದ್ದು ಕೊಡಗು ಇನ್ನೂ ಮೈಸೂರಿಗೆ ಸೇರದೆ, ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲದಲ್ಲಿ. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡವರು. ನಾನು ಮೈಸೂರಿನಲ್ಲಿ ಸೈನ್ಸ್ ಓದಿ ಬಂದು ಮನೆಯಲ್ಲಿ ಕೂತಿದ್ದೆ. ಮಣ್ಣು, ನೀರು, ಗೊಬ್ಬರ ಪರೀಕ್ಷೆ ಮಾಡಲು ಮಡಿಕೇರಿಯಲ್ಲಿ ಸರ್ಕಾರದ ಸಣ್ಣದೊಂದು ಲ್ಯಾಬೊರೇಟರಿ ತೆರೆಯುತ್ತಾರೆ, ಒಬ್ಬರು ಸಹಾಯಕರು ಬೇಕು ಅಂತ ಗೊತ್ತಾಯಿತು. ಅರ್ಜಿ ಹಾಕಿದೆ. ಬೇರೆ ಯಾರೂ ಹಾಕಿರಲಿಲ್ಲ, ಹಾಗಾಗಿ ಪೈಪೋಟಿಯಲ್ಲಿ ನಾನೇ ಗೆದ್ದೆ.

ನಮ್ಮ ಸಾಹೇಬರು ಮಂಗಳೂರಿನ ಕಡೆಯವರು, ಮನೆಮಾತು ತುಳು. ಸೂಕ್ಷ್ಮಜೀವಿಗಳ ವಿಷಯದಲ್ಲಿ ದೊಡ್ಡ ಪದವಿ ಮಾಡಿದ್ದರಿಂದ ಹೆಸರಿನ ಹಿಂದೆ ಡಾಕ್ಟರ್ ಅಂತ ಇತ್ತು. ಊರವರಿಗೆ ಅಷ್ಟು ಸಾಕು. ಜ್ವರ ಬಂದವರೂ ಬರುತ್ತಿದ್ದರು, ಕಾಲು ಉಳುಕಿದವರೂ ಬರುತ್ತಿದ್ದರು. "ನಾನು ಆ ಡಾಕ್ಟ್ರಲ್ಲ ಮಾರಾಯ್ರೆ" ಅನ್ನುವುದು ಅವರ ಬೆಳಗಿನ ಮೊದಲ ಮಾತಾಗಿತ್ತು. ಎರಡನೆಯ ಮಾತು ನನಗೆ: "ನೋಡಿಯಮ್ಮ, ಒಂದು ಹಿಡಿ ಮಣ್ಣಿನಲ್ಲಿ ಇಡೀ ಮಡಿಕೇರಿಗಿಂತ ಹೆಚ್ಚು ಜನ ಇದ್ದಾರೆ. ಯಾರು ಎಲ್ಲಿ ಬಿಡಾರ ಹೂಡ್ತಾರೆ, ಬೇರೆಯವರು ಯಾಕೆ ಅಲ್ಲಿ ನಿಲ್ಲುವುದಿಲ್ಲ, ನಿಂತವರು ಏನು ಕೆಲಸ ಮಾಡ್ತಾರೆ, ಇಷ್ಟು ಗೊತ್ತಾದರೆ ನನಗೆ ಸಾಕು." ಸೂಕ್ಷ್ಮಜೀವಿಗಳನ್ನು ಅವರು ಯಾವತ್ತೂ 'ಜನ' ಎಂದೇ ಕರೆಯುತ್ತಿದ್ದರು. ಅದರಿಂದ ಎಷ್ಟು ಫಜೀತಿ ಆಯಿತೋ ಲೆಕ್ಕವಿಲ್ಲ.

ಹೆಡ್ ಕ್ಲಾರ್ಕರ ಬಾಯಿ

ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮೈಕ್ರೋಸ್ಕೋಪ್ ಬಂದ ದಿನ ಆಫೀಸಿನವರೆಲ್ಲ ಸುತ್ತ ನೆರೆದರು. ಅವರ ಬಾಯಲ್ಲಿ ಅದು ಭೂತಗನ್ನಡಿ. ಏನಾದರೂ ತೋರಿಸದೆ ಬಿಡುವಂತಿರಲಿಲ್ಲ. ಸಾಹೇಬರು ಒಂದು ಕಡ್ಡಿಯಿಂದ ತಮ್ಮ ಹಲ್ಲಿನ ಸಂದಿಯನ್ನೇ ಕೆರೆದು ಗಾಜಿನ ಮೇಲಿಟ್ಟರು. ಅಲ್ಲೊಂದು ಇಲ್ಲೊಂದು ಜೀವಿ ಸೋಮಾರಿಯಾಗಿ ತೇಲುತ್ತಿತ್ತು. ಆಮೇಲೆ ಜವಾನನದು. ಅವನು ಎಲೆಅಡಿಕೆ ಹೊಗೆಸೊಪ್ಪಿನವನು. ಅವನ ಬಾಯಿಯ ಜನವೇ ಬೇರೆ ತರಹ, ಕಡ್ಡಿ ಕಡ್ಡಿಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದರು.

ಮೂರನೆಯವರು ಹೆಡ್ ಕ್ಲಾರ್ಕರು. ಮಡಿವಂತರು, ಈರುಳ್ಳಿ ಕೂಡ ಮುಟ್ಟದವರು. "ನನ್ನದರಲ್ಲಿ ಏನೂ ಇರುವುದಿಲ್ಲ, ನೋಡಿ" ಅಂತ ತಾವಾಗಿಯೇ ಬಾಯಿ ತೆರೆದರು. ಗಾಜು ಇಟ್ಟು ನೋಡಿದರೆ ಸಂತೆ. ದುಂಡಗಿನವು, ಸುರುಳಿಯವು, ಗೊಂಚಲಿನವು, ಒಂದರ ಮೇಲೊಂದು ಬಿದ್ದು ಓಡಾಡುತ್ತಿವೆ. ಸಾಹೇಬರಿಗೆ ಸಂತೋಷವೋ ಸಂತೋಷ. "ನೀವು ಸಿಹಿ ತಿನ್ನುತ್ತೀರಾ?" ಎಂದು ಕೇಳಿದರು. ಹೆಡ್ ಕ್ಲಾರ್ಕರ ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಬೆಲ್ಲದ ಅಚ್ಚು ಇರುವುದು ನಮಗೆಲ್ಲ ಗೊತ್ತಿತ್ತು. "ಅದೇ ಮತ್ತೆ. ಊಟ ಎಂಥದೋ ಜನ ಅಂಥವರು ಸೇರ್ತಾರೆ. ಇದು ಮದುವೆಮನೆ ಮಾರಾಯ್ರೆ."

ಹೆಡ್ ಕ್ಲಾರ್ಕರು ತಾವೂ ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ತಲೆನೋವು ಅಂತ ಬೇಗ ಮನೆಗೆ ಹೋದರು. ಮಾರನೆಯ ಬೆಳಗ್ಗೆ ಅವರ ಮುಖ ನೋಡಿದರೆ ರಾತ್ರಿ ಊಟವನ್ನೂ ಮಾಡಿಲ್ಲ ಅಂತ ಗೊತ್ತಾಗುತ್ತಿತ್ತು. ನೇರ ಸಾಹೇಬರ ಎದುರು ನಿಂತರು.

"ಸರ್, ಒಂದು ಧರ್ಮಸೂಕ್ಷ್ಮ. ಅನ್ನ ಅಗಿಯುವಾಗ ಅವೂ ಹೊಟ್ಟೆಗೆ ಹೋಗ್ತವಲ್ಲ. ಇಷ್ಟು ವರ್ಷ ನಾನು ಮಾಂಸಾಹಾರಿಯಾಗಿದ್ದೆನೆ?"

ಪಾಪ, ಅವರು ನಿಜವಾಗಿಯೂ ನೊಂದಿದ್ದರು. ಸಾಹೇಬರು ನಗಲಿಲ್ಲ. ಕುರ್ಚಿ ಕೊಟ್ಟು ಕೂರಿಸಿ, "ನೀವು ಅವನ್ನು ತಿನ್ನಲಿಕ್ಕೆ ಹೋದವರಲ್ಲ. ಅವೇ ನಿಮ್ಮ ಊಟದಲ್ಲಿ ಪಾಲು ತಿಂದು ಬದುಕಿರುವವು" ಎಂದು ನಿಧಾನವಾಗಿ ಬಿಡಿಸಿ ಹೇಳಿದರು.

ಹೆಡ್ ಕ್ಲಾರ್ಕರು ಯೋಚಿಸಿದರು. "ಅಂದರೆ ನಾನು ತಿಂದದ್ದನ್ನೇ ಅವೂ ತಿನ್ನುವುದು."

"ಹೌದು, ಅದನ್ನೇ."

"ಈರುಳ್ಳಿಯನ್ನೂ ತಿಂದಿಲ್ಲ."

"ನೀವು ತಿನ್ನದೆ ಅವಕ್ಕೆ ಎಲ್ಲಿಂದ ಸಿಗಬೇಕು?"

"ಹಾಗಾದರೆ ಅವೂ ನಮ್ಮವರೇ" ಎಂದು ನಿಟ್ಟುಸಿರು ಬಿಟ್ಟು, ಡ್ರಾಯರು ಎಳೆದು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರು.

ಚಳಿ ಹಿಡಿದ ಟ್ಯಾಂಕು

ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೀಜದ ಮೈಗೆ ಲೋಳೆ ಅಂಟಿಕೊಂಡಿರುತ್ತದೆ. ಅದನ್ನು ಸಿಮೆಂಟ್ ಟ್ಯಾಂಕಿನಲ್ಲಿ ಹಾಕಿಟ್ಟರೆ, ಅಲ್ಲಿರುವ ಸೂಕ್ಷ್ಮಜೀವಿಗಳೂ ಹಣ್ಣಿನದೇ ರಸವೂ ಸೇರಿ ಲೋಳೆಯನ್ನು ಕರಗಿಸುತ್ತವೆ. ಆಮೇಲೆ ತೊಳೆದು ಒಣಗಿಸಬೇಕು. ಹೊತ್ತು ಮೀರಿದರೆ ಬೀಜಕ್ಕೆ ಹುಳಿ ವಾಸನೆ ಹತ್ತುತ್ತದೆ, ಕೊಳ್ಳುವವರು ಮೂಗು ಮುಚ್ಚಿಕೊಳ್ಳುತ್ತಾರೆ.

ಭಾಗಮಂಡಲದ ಕಡೆಯ ಒಬ್ಬ ಗೌಡರ ತೋಟದಲ್ಲಿ ಇಂಥ ಟ್ಯಾಂಕು ಎರಡು. ಒಂದು ಮನೆಯ ಪಕ್ಕ ಬಿಸಿಲಿಗೆ, ಇನ್ನೊಂದು ಮೇಲೆ ಗುಡ್ಡದ ಮಗ್ಗುಲಲ್ಲಿ ಹಲಸಿನ ಮರದ ಕೆಳಗೆ. ಒಂದೇ ದಿನ ಕೊಯ್ದ ಹಣ್ಣು ಕೆಳಗಿನ ಟ್ಯಾಂಕಿನಲ್ಲಿ ಮಾರನೆಯ ದಿನ ತೊಳೆಯಲು ತಯಾರು. ಮೇಲಿನದರಲ್ಲಿ ಇನ್ನೂ ಜಾರುತ್ತಲೇ ಇರುತ್ತಿತ್ತು. ಮೇಲಿನವರು ಕೆಲಸಕಳ್ಳರು ಅಂತ ಕೆಳಗಿನವರು, ಕೆಳಗಿನವರು ಯಾರಿಂದಲೋ ಮಾಟ ಮಾಡಿಸಿದ್ದಾರೆ ಅಂತ ಮೇಲಿನವರು. ಹಣ್ಣಿನ ಪಿಕಿಂಗಿಗೆ ಬಂದ ಹೆಂಗಸರು ಎರಡು ಪಂಗಡವಾಗಿ, ಇನ್ನೇನು ಕೆಲಸ ಬಿಟ್ಟು ಹೋಗುವುದರಲ್ಲಿದ್ದರು. ಗೌಡರು ದಿಕ್ಕು ತೋಚದೆ ನಮ್ಮಲ್ಲಿಗೆ ಬಂದರು.

ಸಾಹೇಬರು ಎರಡೂ ಟ್ಯಾಂಕಿಗೆ ಥರ್ಮಾಮೀಟರ್ ಇಳಿಸಿದರು, ಎರಡರ ಲೋಳೆಯನ್ನೂ ಕನ್ನಡಿಯಲ್ಲಿ ನೋಡಿದರು. "ಗೌಡ್ರೆ, ಮಾಟ ಗೀಟ ಏನೂ ಇಲ್ಲ. ಮೇಲಿನ ಟ್ಯಾಂಕಿಗೆ ಚಳಿ. ಚಳಿ ತಡೆದುಕೊಳ್ಳುವ ಜನ ಮಾತ್ರ ಅಲ್ಲಿ ಉಳಿದಿದ್ದಾರೆ, ಅವರ ಕೈ ನಿಧಾನ. ಟ್ಯಾಂಕನ್ನು ಸ್ವಲ್ಪ ಬೆಚ್ಚಗೆ ಮುಚ್ಚಿಡಿ, ಬೇರೆ ಜನ ಚುರುಕಾಗ್ತಾರೆ."

ಗೌಡರು ಸಮಾಧಾನವಾಗಿ ತಲೆಯಾಡಿಸಿದರು. ಹಣ್ಣಿನ ಕಾಲ ಮುಗಿಯುವ ಮುಂಚೆ ನಾವು ಮತ್ತೊಮ್ಮೆ ಹೋದಾಗ ಎಲ್ಲ ಸುಗಮ. ಎರಡೂ ಟ್ಯಾಂಕು ಒಟ್ಟಿಗೆ ತಯಾರಾಗುತ್ತಿವೆ, ಹೆಂಗಸರು ಒಟ್ಟಿಗೆ ಕೂತು ಕಾಫಿ ಕುಡಿಯುತ್ತಿದ್ದಾರೆ. ಮೇಲಿನ ಟ್ಯಾಂಕು ನೋಡಿದೆವು. ದಪ್ಪನೆಯ ಹೊಸ ಕಂಬಳಿಗಳನ್ನು ಒಂದರ ಮೇಲೊಂದು ಹೊದ್ದು ಮಲಗಿತ್ತು. ಸಾಹೇಬರಿಗೆ ತುಂಬಾ ಮೆಚ್ಚುಗೆಯಾಯಿತು.

ಮನೆಗೆ ಬಂದರೆ ಗೌಡರ ಹೆಂಡತಿ ಮೈತುಂಬ ಗೋಣಿಚೀಲ ಹೊದ್ದುಕೊಂಡು ಒಲೆಯ ಮುಂದೆ ಕೂತಿದ್ದರು. "ಬನ್ನಿ, ಕುದ್ರಿ" ಎಂದು ತಮ್ಮ ಅರೆಭಾಷೆಯಲ್ಲಿ ಕೂರಲು ಹೇಳಿದರು; ಆ ಮಾತಿನಲ್ಲಿ 'ಇದೆ' ಅನ್ನುವುದಕ್ಕೆ 'ಉಟ್ಟು' ಅನ್ನುತ್ತಾರೆ. ಮುಖದಲ್ಲಿ ಎಂದಿನ ಗೆಲುವು ಇರಲಿಲ್ಲ. ಮೈ ಸರಿ ಇಲ್ಲವೇ ಎಂದು ಸಾಹೇಬರು ವಿಚಾರಿಸಿದರು.

"ಮೈ ಸರಿ ಉಟ್ಟು ಡಾಕ್ಟ್ರೆ. ಟ್ಯಾಂಕಿಗೆ ಚಳಿ ಉಟ್ಟು ಅಂತ ನಮ್ಮ ಇವ್ಕೆ ನೀವು ಹೇಳಿದ್ರಿ. ನಂಗೂ ಚಳಿ ಉಟ್ಟು ಅಂತ ಒಂದು ಮಾತು ಹೇಳಿ ಹೋಗಿ."

ಬಸ್ಸಿನಲ್ಲಿ ಮಣ್ಣು

ದೇವರಕಾಡಿನ ಮಣ್ಣಿನಲ್ಲಿ ಎಂಥ ಜನ ಇದ್ದಾರೆ, ಪಕ್ಕದ ಕಾಫಿ ತೋಟದ ಮಣ್ಣಿನಲ್ಲಿ ಎಂಥವರು ಇದ್ದಾರೆ ಅಂತ ಹೋಲಿಸಿ ನೋಡುವ ಆಸೆ ಸಾಹೇಬರಿಗೆ. ಒಂದು ಕಡೆ ಯಾರೂ ಕೊಡಲಿ ಹಾಕದ, ಎಲೆ ಬಿದ್ದಲ್ಲೇ ಕೊಳೆಯುವ ಕಾಡು. ಇನ್ನೊಂದು ಕಡೆ ವರ್ಷವರ್ಷ ಅಗೆದು ಗೊಬ್ಬರ ಹಾಕುವ ನೆಲ. ಎರಡರ ನಡುವೆ ಒಂದು ಬೇಲಿ ಮಾತ್ರ. ಕಕ್ಕಬೆಯ ಹತ್ತಿರ ಅಂಥದೊಂದು ಜಾಗ ಗೊತ್ತುಮಾಡಿ, ದೇವರಕಾಡಿನ ಮೇಲ್ವಿಚಾರಣೆಯ ಹಿರಿಯರ ಅಪ್ಪಣೆ ಕೇಳಿ, ಎರಡು ಚಿಕ್ಕ ಬಟ್ಟೆಚೀಲದಲ್ಲಿ ಮಣ್ಣು ತೆಗೆದುಕೊಂಡು ನಾನು ಬಸ್ಸು ಹತ್ತಿದೆ. ಜೀಪು ಕೆಟ್ಟಿತ್ತು.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಚೀಲವನ್ನು ನಾನು ಮಡಿಲಲ್ಲಿ ಜೋಪಾನ ಮಾಡುವುದನ್ನು ನೋಡಿ, "ಏನಮ್ಮ ಅದು?" ಎಂದರು.

"ಮಣ್ಣು."

"ಎಲ್ಲಿಯ ಮಣ್ಣು?"

ನಾನು ಸುಳ್ಳು ಹೇಳುವ ಕಾರಣವಿರಲಿಲ್ಲ. "ದೇವರಕಾಡಿನದು" ಎಂದೆ.

ಆಕೆ ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ ಕೈ ಚಾಚಿದರು. ಪರೀಕ್ಷೆಗೆ ಅಂತ ನಾನು ಹೇಳಿದ್ದು ಅವರ ಕಿವಿಗೆ ಹೇಗೆ ಬಿತ್ತೋ, "ಪರೀಕ್ಷೆ ಇದ್ದರೆ ಮೊಮ್ಮಗನಿಗೂ ಬೇಕು" ಎಂದು ಇನ್ನೊಂದು ಚಿಟಿಕೆ ತೆಗೆದುಕೊಂಡರು. ಮುಂದಿನ ಸೀಟಿನವರು ತಿರುಗಿದರು. ಹಿಂದಿನಿಂದ ಕೈ ಬಂತು. ದೇವರದು ಅಂದಮೇಲೆ ಇಲ್ಲ ಅನ್ನುವುದು ಹೇಗೆ? ಡ್ರೈವರು ಬಸ್ಸನ್ನು ನಿಧಾನ ಮಾಡಿ, ಕಂಡಕ್ಟರ ಕೈಲಿ ತನಗೂ ತರಿಸಿ ಹಣೆಗಿಟ್ಟುಕೊಂಡ. ಟೋಪಿ ತೆಗೆದು ಮಣ್ಣನ್ನು ಹಣೆಗೆ ಹಚ್ಚಿಕೊಂಡ ಮಾಪಿಳ್ಳೆ ಮುಸ್ಲಿಂ ಮೆಣಸಿನ ವ್ಯಾಪಾರಿಯೊಬ್ಬರು, "ಕಾಡು ಎಲ್ಲರದಲ್ಲವಾ" ಎಂದರು. ಮಡಿಕೇರಿ ಬರುವಾಗ ಒಂದು ಚೀಲ ಬಿಗಿಯಾಗಿಯೇ ಇತ್ತು, ಇನ್ನೊಂದು ಮಡಚಿದ ಕರವಸ್ತ್ರದ ಹಾಗಿತ್ತು.

ಸಾಹೇಬರು ಬಾಗಿಲಲ್ಲೇ ಕಾಯುತ್ತಿದ್ದರು. ನಡೆದದ್ದನ್ನು ಹೇಳಿದೆ. ಬೈಗುಳ ತಿನ್ನಲು ತಯಾರಾಗಿಯೇ ನಿಂತಿದ್ದೆ. ಅವರು ಖಾಲಿ ಚೀಲವನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು:

"ಅಲ್ಲಮ್ಮ, ಕಾಡಿನ ನೆರಳಲ್ಲಿ ಇದ್ದ ಜನ ಮನುಷ್ಯನ ಹಣೆಯ ಬೆವರಿನಲ್ಲಿ ಎಷ್ಟು ಹೊತ್ತು ಬದುಕ್ತಾರೆ ಅನ್ನುವುದು ಯಾರಿಗೂ ಗೊತ್ತಿಲ್ಲದ ವಿಷಯ. ಬರುವಾಗ ಆ ಡ್ರೈವರನ್ನಾದರೂ ಕರೆದುಕೊಂಡು ಬರಬಾರದಿತ್ತಾ?"

ಕಾಚಂಪುಳಿಯ ಮರ್ಯಾದೆ

ಕೊಡಗಿನ ಅಡುಗೆಮನೆಯಲ್ಲಿ ಕಾಚಂಪುಳಿ ಇಲ್ಲದೆ ಹಂದಿಕರಿ ಆಗುವುದಿಲ್ಲ. ಪುಳಿ ಹಣ್ಣಿನ ರಸ ಇಳಿಸಿ ಕುದಿಸಿ ಕುದಿಸಿ ಮಾಡಿದ ಕಪ್ಪು ಹುಳಿ ಅದು. ಬಾಟಲಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಸಾಹೇಬರು ಸಸ್ಯಾಹಾರಿ, ಕರಿಯ ಕಡೆ ತಲೆ ಹಾಕಿದವರಲ್ಲ. ಆದರೆ ವರ್ಷಗಟ್ಟಲೆ ಕೆಡುವುದಿಲ್ಲ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅವರಿಗೆ ನಿದ್ದೆ ಬರಲಿಲ್ಲ. "ಅಷ್ಟು ಹುಳಿಯಲ್ಲಿ ಬದುಕುವವರು ಯಾರಾದರೂ ಒಬ್ಬರು ಇರಲೇಬೇಕು" ಎಂದು ಅವರ ನಂಬಿಕೆ.

ಊರಿನಲ್ಲಿ ಕಾಚಂಪುಳಿಗೆ ಹೆಸರಾದ ಒಬ್ಬ ಕೊಡವ ಹಿರಿಯಮ್ಮ ಇದ್ದರು. ಅವರ ಮನೆಗೆ ಹೋಗಿ ಸಾಹೇಬರು ವಿನಯವಾಗಿಯೇ ಕೇಳಿದರು: "ನಿಮ್ಮ ಕಾಚಂಪುಳಿಯಲ್ಲಿ ಎಂಥ ಜನ ಇದ್ದಾರೆ ಅಂತ ನೋಡಬೇಕಿತ್ತು."

ಹಿರಿಯಮ್ಮನ ಹುಬ್ಬು ಮೇಲೆ ಹೋಯಿತು. "ನಮ್ಮ ಕಾಚಂಪುಳಿಯಲ್ಲಿ ಹುಳ ಇದೆಯಾ ಅಂತ ಕೇಳ್ತಿದ್ದೀರಾ?"

ಹುಳ ಅಲ್ಲ, ಜೀವಿ, ಕಣ್ಣಿಗೆ ಕಾಣದ್ದು, ಇದ್ದರೂ ತಪ್ಪಿಲ್ಲ ಅಂತ ನಾನು ಮಧ್ಯೆ ಬಾಯಿ ಹಾಕಿದೆ. ವಿಷಯ ಇನ್ನೂ ಕೆಟ್ಟಿತು. ಆಕೆ ಏನೋ ಹೊಳೆದವರ ಹಾಗೆ ಒಳಗೆ ಹೋದರು. ಪುಟ್ಟ ಸೀಸೆಯೊಂದನ್ನು ತಂದುಕೊಟ್ಟು, "ಚೆನ್ನಾಗಿ ನೋಡಿ. ಏನಿದ್ದರೂ ಮುಚ್ಚಿಡದೆ ಹೇಳಬೇಕು" ಎಂದರು.

ಸಾಹೇಬರು ಅದನ್ನು ಗಾಜಿನ ತಟ್ಟೆಗಳಲ್ಲಿ ಹಾಕಿಟ್ಟರು, ಬೆಚ್ಚಗಿಟ್ಟರು, ತಣ್ಣಗಿಟ್ಟರು, ಸಕ್ಕರೆ ಕೊಟ್ಟರು, ಮಾಂಸದ ರಸವನ್ನು ಕೂಡ ನನ್ನ ಕೈಲಿ ಕೊಡಿಸಿದರು. ಯಾರೂ ಹುಟ್ಟಲಿಲ್ಲ. ಬೇರೆ ಕಡೆಯ ಜೀವಿಗಳನ್ನು ತಂದು ಬಿಟ್ಟರೆ ಅವೂ ಸತ್ತವು. ಕೊನೆಗೆ ಅವರು ಸೋಲು ಒಪ್ಪಿಕೊಂಡು, ಆದರೆ ಹಿರಿಯಮ್ಮನಿಗೆ ಖುಷಿಯ ಸುದ್ದಿ ಅಂದುಕೊಂಡು, ಖುದ್ದಾಗಿ ಹೇಳಲು ಹೊರಟರು.

"ಅಮ್ಮ, ಏನೂ ಇಲ್ಲ. ಇಷ್ಟು ಶುದ್ಧವಾದ ಪದಾರ್ಥ ನಾನು ನೋಡಿಲ್ಲ."

ಹಿರಿಯಮ್ಮನ ಮುಖ ಬಾಡಿತು. "ಒಂದೂ ಇಲ್ಲವಾ? ಸರಿಯಾಗಿ ನೋಡಿದ್ದೀರಾ?"

"ಒಂದೂ ಇಲ್ಲ. ನೀವು ಸಂತೋಷಪಡಬೇಕು."

"ನಾನು ಯಾಕೆ ಸಂತೋಷಪಡಲಿ?" ಎಂದರು ಹಿರಿಯಮ್ಮ. "ಅದು ನನ್ನ ನಾದಿನಿ ಮಾಡಿದ್ದು."

ಬಿಸಿ ಗುಡ್ಡೆ

ಇದು ನಮ್ಮೂರಲ್ಲೇ ಆದದ್ದು, ಹಾರಂಗಿ ಹೊಳೆಯ ಹತ್ತಿರ. ಆಗ ಅಣೆಕಟ್ಟು ಇರಲಿಲ್ಲ, ಬರೀ ಹೊಳೆ. ರೈತರಿಗೆ ಕಾಂಪೋಸ್ಟ್ ಮಾಡುವುದನ್ನು ಕಲಿಸಬೇಕೆಂದು ಇಲಾಖೆಯ ಆದೇಶ ಬಂತು. ಸಾಹೇಬರು ನಮ್ಮ ತಂದೆಯ ಹೊಲದ ಮೂಲೆಯನ್ನೇ ಆರಿಸಿಕೊಂಡರು. ಹುಲ್ಲು, ತರಗು, ಸಗಣಿ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಸೊಂಟದೆತ್ತರದ ಗುಡ್ಡೆ ಮಾಡಿಸಿದರು. ಕೆಲವೇ ದಿನಗಳಲ್ಲಿ ಅದು ಬೆಳಗಿನ ಮಂಜಿನಲ್ಲಿ ಹೊಗೆಯಾಡತೊಡಗಿತು. ಬೆಂಕಿ ಬಿದ್ದಿದೆ ಅಂತ ಯಾರೋ ಕೊಡದಲ್ಲಿ ನೀರು ತಂದರು.

ಊರ ಜನರನ್ನು ಸೇರಿಸಿ ಸಾಹೇಬರು ವಿವರಿಸಿದರು. "ಬೆಂಕಿ ಅಲ್ಲ. ಒಳಗೆ ಜನ ಕೆಲಸ ಮಾಡ್ತಿದ್ದಾರೆ. ಮೊದಲು ಬಂದವರು ಮೆತ್ತಗಿದ್ದದ್ದನ್ನೆಲ್ಲ ತಿಂದು ಮನೆಯನ್ನು ಬಿಸಿ ಮಾಡ್ತಾರೆ. ಬಿಸಿ ಹೆಚ್ಚಾಗಿ ಅವರೇ ಅಲ್ಲಿ ಇರಲಾಗದೆ ಅಳೀತಾರೆ. ಆಗ ಬಿಸಿ ತಡೆಯುವವರು ಮೇಲೆ ಬರ್ತಾರೆ. ತಿನ್ನಲು ಮುಗಿದು ತಣ್ಣಗಾದ ಮೇಲೆ ಇನ್ನೊಂದು ತಂಡ."

"ಎಲೆಕ್ಷನ್ ಇದ್ದಂಗೆ" ಎಂದರು ನಮ್ಮ ದೊಡ್ಡಜ್ಜ.

ದೊಡ್ಡಜ್ಜ ಅಂದರೆ ನಮ್ಮ ಅಜ್ಜನ ಅಣ್ಣ. ಬೆನ್ನುನೋವಿನಿಂದ ಬಗ್ಗಿಯೇ ನಡೆಯುವವರು, ಮಾಗಿಯ ಚಳಿಯಲ್ಲಂತೂ ಹಾಸಿಗೆ ಬಿಟ್ಟು ಏಳುವವರೇ ಅಲ್ಲ. ಆ ವರ್ಷ ಮಾತ್ರ ಬೆಳಗಾದರೆ ಹಾಸಿಗೆ ಖಾಲಿ. ನಮ್ಮಮ್ಮ ಗಾಬರಿಯಾಗಿ ಹುಡುಕಿದರೆ, ಅವರು ಗುಡ್ಡೆಗೆ ಬೆನ್ನು ಕೊಟ್ಟು, ತಲೆಗೆ ಟವೆಲು ಸುತ್ತಿ, ಹೊಳೆ ನೋಡುತ್ತಾ ಕೂತಿದ್ದಾರೆ. ದಿನಾ ಅದೇ. ಕಾಫಿಯೂ ಅಲ್ಲಿಗೇ ಹೋಗಬೇಕು.

ಗೊಬ್ಬರ ಸರಿಯಾಗಲು ಗುಡ್ಡೆಯನ್ನು ಆಗಾಗ ಮಗುಚಬೇಕು, ಒಳಗಿನವರಿಗೆ ಗಾಳಿ ಬೇಕು. ನಮ್ಮ ತಂದೆ ಸನಿಕೆ ಹಿಡಿದು ಹೋದರೆ ದೊಡ್ಡಜ್ಜ ಏಳುತ್ತಿರಲಿಲ್ಲ. "ಈ ಕಡೆ ಬಿಟ್ಟು ಆ ಕಡೆ ಮಗುಚು" ಅನ್ನುವರು. ಹಾಗಾಗಿ ನಮ್ಮ ಗುಡ್ಡೆ ಒಂದು ಕಡೆ ಮಾತ್ರ ಗೊಬ್ಬರವಾಯಿತು. ದೊಡ್ಡಜ್ಜನ ಕಡೆ ಹುಲ್ಲು ಹುಲ್ಲಾಗಿಯೇ ಉಳಿಯಿತು. ಪರೀಕ್ಷೆಗೆ ಬಂದ ಸಾಹೇಬರಿಗೆ ಇದು ಬಿಡಿಸಲಾಗದ ಒಗಟು. ಒಂದೇ ಹುಲ್ಲು, ಒಂದೇ ಸಗಣಿ, ಒಂದೇ ನೀರು. ಎರಡೂ ಮಗ್ಗುಲಿನಿಂದ ಒಂದೊಂದು ಹಿಡಿ ತೆಗೆದು, ಗಾಳಿ ಬರುವ ದಿಕ್ಕು ನೋಡಿ, ತಲೆ ಕೆರೆದುಕೊಳ್ಳುವಾಗ ನಾನು ನಿಜಾಂಶ ಹೇಳಿದೆ.

ಸಾಹೇಬರು ದೊಡ್ಡಜ್ಜನ ಹತ್ತಿರ ಹೋಗಿ, ತಮ್ಮಿಂದ ತೊಂದರೆಯಾಗಿದ್ದರೆ ಕ್ಷಮಿಸಬೇಕು, ಈಗ ಗೊಬ್ಬರ ಹೊಲಕ್ಕೆ ಹೋಗುವ ಹೊತ್ತಾಯಿತು ಎಂದರು. ಗುಡ್ಡೆಯೂ ಅಷ್ಟು ಹೊತ್ತಿಗೆ ತಣ್ಣಗಾಗಿತ್ತು. ದೊಡ್ಡಜ್ಜ ಕೈ ಊರಿ ಎದ್ದರು. ಎಷ್ಟೋ ವರ್ಷಗಳ ಮೇಲೆ ಸುಮಾರಾಗಿ ನೆಟ್ಟಗೇ ನಿಂತರು.

"ಸೊಂಟ ವಾಸಿಯಾತು ಸ್ವಾಮಿ" ಎಂದರು. "ಬರೋ ವರ್ಷ ಭುಜದ ಮಟ್ಟಕ್ಕೆ ಹಾಕ್ಸಿ."

ಅಣ್ಣನ ಮನೆಯ ಹೆಪ್ಪು

ಶ್ರೀಮಂಗಲದ ಕಡೆ ಒಬ್ಬ ಕೊಡವ ಪ್ಲಾಂಟರು, ಮಿಲಿಟರಿಯಿಂದ ನಿವೃತ್ತರಾಗಿ ಬಂದವರು, ಹೊಸ ಬಂಗಲೆ ಕಟ್ಟಿಸಿದ್ದರು. ಪಿಂಗಾಣಿಯ ಕಮೋಡು, ಸರಪಳಿ ಎಳೆದರೆ ನೀರು, ಹಿತ್ತಿಲಲ್ಲಿ ಸೆಪ್ಟಿಕ್ ಟ್ಯಾಂಕು. ಆ ಕಾಲಕ್ಕೆ ಅದೆಲ್ಲ ಹತ್ತೂರಿನವರು ಬಂದು ನೋಡುವಂಥದು. ಬಟ್ಲರನಿಗಂತೂ ಅದು ದೇವರಕೋಣೆ. ಬೆಳಗ್ಗೆ ಸಂಜೆ ಫಿನಾಯಿಲ್ ಸುರಿದು ಹೊಳೆಯಿಸುತ್ತಿದ್ದ.

ಮಗಳ ಮದುವೆ ಗೊತ್ತಾಯಿತು. ಬಂಗಲೆಯಲ್ಲೇ ಮದುವೆ, ನೂರಾರು ನೆಂಟರು. ಅಷ್ಟರಲ್ಲಿ ಟ್ಯಾಂಕು ಕೈಕೊಟ್ಟಿತು. ಹಿತ್ತಿಲ ಕಡೆಯ ಕಿಟಕಿ ತೆರೆಯುವಂತಿಲ್ಲ. ಬಟ್ಲರ್ ಫಿನಾಯಿಲನ್ನು ಎರಡು ಪಟ್ಟು ಮಾಡಿದ. ನಾತವೂ ಎರಡು ಪಟ್ಟಾಯಿತು. ಪ್ಲಾಂಟರು ಯಾರಿಗೂ ಹೇಳದೆ ನಮ್ಮ ಸಾಹೇಬರನ್ನು ಕರೆಸಿದರು. ಜೊತೆಗೆ ನಾನೂ ಹೋದೆ.

ಸಾಹೇಬರು ಮೂಗಿಗೆ ಕರವಸ್ತ್ರ ಕಟ್ಟಿ ಮುಚ್ಚಳ ತೆಗೆಸಿ ನೋಡಿದರು. "ನಿಮ್ಮ ಟ್ಯಾಂಕಿನಲ್ಲಿ ಜನವೇ ಇಲ್ಲ" ಎಂದರು. "ಇದು ಗುಂಡಿ ಅಲ್ಲ, ಕಾರ್ಖಾನೆ. ಒಳಗೆ ಬಿದ್ದದ್ದನ್ನು ಕರಗಿಸುವ ಕೆಲಸದವರನ್ನೆಲ್ಲ ನಿಮ್ಮ ಫಿನಾಯಿಲ್ ಕೊಂದುಹಾಕಿದೆ. ಅದನ್ನು ನಿಲ್ಲಿಸಿ. ಹೊಸ ಜನ ತಾವಾಗಿ ನೆಲೆಯೂರಲು ಬಹಳ ಸಮಯ ಬೇಕು, ಮದುವೆಗೆ ಅಷ್ಟು ದಿನ ಇಲ್ಲ. ಚೆನ್ನಾಗಿ ನಡೆಯುವ ಬೇರೆ ಟ್ಯಾಂಕಿನಿಂದ ಸ್ವಲ್ಪ ತಂದು ಹಾಕಬೇಕು."

"ಸಗಣಿ ಹಾಕಿದರೆ?" ಎಂದರು ಪ್ಲಾಂಟರು.

"ಸಗಣಿಯ ಜನಕ್ಕೆ ಹುಲ್ಲಿನ ಕೆಲಸ ಗೊತ್ತು. ಈ ಕೆಲಸ ಮಾಡಿ ಅನುಭವ ಇರುವವರೇ ಆದರೆ ಒಳ್ಳೆಯದು."

"ಅಂದರೆ ಹೆಪ್ಪು ಹಾಕಿದ ಹಾಗೆ" ಎಂದರು ಅಲ್ಲೇ ಬಾಗಿಲಲ್ಲಿ ನಿಂತಿದ್ದ ಪ್ಲಾಂಟರ ಹೆಂಡತಿ.

"ಅದೇ, ಅದೇ. ಹೆಪ್ಪು."

ಪ್ಲಾಂಟರು ಸ್ವಲ್ಪ ಯೋಚಿಸಿ, ಕ್ಲಬ್ಬಿನಲ್ಲಿ ಒಂದು ಹಳೆಯ ಟ್ಯಾಂಕು ಇದೆ, ಅಲ್ಲಿಂದ ತರಿಸುತ್ತೇನೆ ಎಂದರು.

"ಕ್ಲಬ್ಬಿನದು ಬೇಡ" ಎಂದರು ಹೆಂಡತಿ, ಸಮಾಧಾನದ ದನಿಯಲ್ಲೇ. "ಯಾರ್ಯಾರದೋ. ಮದುವೆಮನೆಗೆ ತರುವುದು ಅಂದರೆ ಗೊತ್ತಿರುವ ಮನೆಯದಾಗಬೇಕು. ನಮ್ಮ ಅಣ್ಣನ ಮನೆಯಲ್ಲಿ ಇದೆಯಲ್ಲ."

ಪ್ಲಾಂಟರು ಮುಖ ಆಚೆ ತಿರುಗಿಸಿದರು. ವಿಷಯ ನನಗೆ ಆಮೇಲೆ ತಿಳಿಯಿತು. ಆಕೆಯ ಅಣ್ಣನ ತೋಟ ಪಕ್ಕದಲ್ಲೇ. ನಡುವೆ ಹರಿಯುವ ತೋಡಿನ ನೀರನ್ನು ಯಾರು ಮೊದಲು ತಿರುಗಿಸಿಕೊಳ್ಳಬೇಕು ಅನ್ನುವ ಜಗಳದಲ್ಲಿ ಭಾವ ಮೈದುನರು ಮಾತು ಬಿಟ್ಟು ವರ್ಷಗಳಾಗಿದ್ದವು. ಮದುವೆಯ ಕರೆಯೋಲೆಯೂ ಆ ಮನೆಗೆ ಹೋಗಿರಲಿಲ್ಲ. ಸೋದರಮಾವನೇ ಇಲ್ಲದೆ ಮಗಳ ಮದುವೆ ಆಗಬೇಕಲ್ಲ ಅಂತ ಆ ತಾಯಿ ಒಳಗೊಳಗೇ ಕೊರಗುತ್ತಿದ್ದರು.

ನಮ್ಮ ಸಾಹೇಬರಿಗೆ ಇದು ಯಾವುದೂ ಗೊತ್ತಿಲ್ಲ. "ಅಮ್ಮನವರು ಹೇಳುವುದು ಸರಿಯೇ. ಪಕ್ಕದ ತೋಟ, ಒಂದೇ ನೀರು, ಒಂದೇ ತರಹದ ಊಟ. ಆ ಜನ ಇಲ್ಲಿಗೆ ಬೇಗ ಹೊಂದಿಕೊಳ್ತಾರೆ" ಎಂದು ಶಿಫಾರಸು ಮಾಡಿಬಿಟ್ಟರು.

ಪ್ಲಾಂಟರು ತಾವು ಹೋಗುವುದಿಲ್ಲ, ಬೇಕಾದರೆ ಡಾಕ್ಟರೇ ಹೋಗಿ ಕೇಳಲಿ ಎಂದರು. ನಾವು ಹೋದೆವು. ಅಣ್ಣನವರು ಜಗಲಿಯಲ್ಲಿ ಕೂತಿದ್ದರು. ಸಾಹೇಬರು ತಮ್ಮ ಪದ್ಧತಿಯಂತೆ ಜನ, ಕಾರ್ಖಾನೆ, ಫಿನಾಯಿಲ್ ಎಲ್ಲ ವಿವರಿಸಿದರು. ಅಣ್ಣನವರು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ ಪೂರ್ತಿ ಕೇಳಿದರು.

"ನಮ್ಮ ಮನೆಯಿಂದ ಅವರಿಗೆ ಅದು ಬೇಕಂತಾ?"

"ಹೌದು."

"ಅವರೇ ಬಂದು ಕೇಳಲಿ."

ಈ ಉತ್ತರ ತಂದು ಮುಟ್ಟಿಸಿದಾಗ ಪ್ಲಾಂಟರು ವರಾಂಡದ ಈ ತುದಿಯಿಂದ ಆ ತುದಿಗೆ ನಡೆದರು. ಯುದ್ಧಕ್ಕೆ ಹೋಗಿ ಬಂದ ಮನುಷ್ಯ. ಹೀಗೆ ಬೆವರಿದ್ದನ್ನು ಯಾರೂ ನೋಡಿರಲಿಕ್ಕಿಲ್ಲ. ಹಿತ್ತಿಲ ಕಡೆಯಿಂದ ಗಾಳಿ ಬೀಸಿತು. ಹೆಂಡತಿ ಒಳಗಿಂದ ಅವರ ಕೋಟು ತಂದು ಕುರ್ಚಿಯ ಬೆನ್ನಿಗೆ ಹಾಕಿದರು.

ಕೋಟು ತೊಟ್ಟು ಪ್ಲಾಂಟರು ಜೀಪಿನಲ್ಲಿ ಕೂತರು. ಹಿಂದೆ ನಾವು, ನಮ್ಮ ಕಾಲಬುಡದಲ್ಲಿ ಬಿಳಿ ಬಟ್ಟೆ ಮುಚ್ಚಿದ ಒಂದು ಬಕೆಟು. ಅಣ್ಣನವರ ಜಗಲಿಯಲ್ಲಿ ಇಬ್ಬರೂ ಎದುರು ಬದುರು ಕೂತರು. ಕಾಫಿ ಬಂತು. ಕಾಫಿ ಹೂ ಅರಳಿಸುವ ಹೂಮಳೆ ಹೇಗಾಯಿತು ಅಂತ ಒಬ್ಬರು, ಮೆಣಸಿನ ಬಳ್ಳಿ ಹೇಗಿದೆ ಅಂತ ಇನ್ನೊಬ್ಬರು. ಮತ್ತೆ ಕಾಫಿ ಬಂತು. ತೋಡಿನ ನೀರಿನ ಮಾತು ಯಾರೂ ಎತ್ತಲಿಲ್ಲ. ಬಕೆಟಿನ ಮಾತೂ ಯಾರೂ ಎತ್ತಲಿಲ್ಲ. ಸಾಹೇಬರು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ನಾನು ಕೆಮ್ಮಿದೆ.

ಕೊನೆಗೆ ಪ್ಲಾಂಟರು ನೆಲ ನೋಡುತ್ತಾ, "ಬಾವ, ಹೆಪ್ಪಿಗೆ ಬಂದೆ" ಎಂದರು.

"ಎಷ್ಟು ಬೇಕು?"

"ಡಾಕ್ಟ್ರು ಒಂದು ಬಕೆಟ್ ಅಂತಾರೆ."

"ತಂಗಿಯ ಮನೆಗೆ ಒಂದೇ ಬಕೆಟ್ ಕಳಿಸಿದರೆ ಚೆನ್ನಾಗಿರ್ತದಾ? ಎರಡು ತಗೊಂಡು ಹೋಗಿ" ಎಂದರು ಅಣ್ಣನವರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮದುವೆ ಯಾವತ್ತು?" ಎಂದು ಕೇಳಿದರು, ಗೊತ್ತಿಲ್ಲದವರ ಹಾಗೆ.

"ನೀವು ಬಂದ ದಿನ" ಎಂದರು ಪ್ಲಾಂಟರು.

ಫಿನಾಯಿಲ್ ಡಬ್ಬಗಳನ್ನು ಯಜಮಾನತಿ ಉಗ್ರಾಣದಲ್ಲಿಟ್ಟು ಬೀಗ ಹಾಕಿದರು. ಬಟ್ಲರ್ ಕೆಲವು ದಿನ ಸೂತಕದವನ ಹಾಗೆ ಓಡಾಡಿದ. ನಾತ ಮೆಲ್ಲಗೆ ಇಳಿಯಿತು. ಮದುವೆಯ ವಾರಕ್ಕೆ ಹಿತ್ತಿಲ ಕಿಟಕಿಗಳೆಲ್ಲ ತೆರೆದವು. ಇದೆಲ್ಲ ಗುಟ್ಟಾಗಿಯೇ ನಡೆದದ್ದು. ಹಾಗಾಗಿ ನೆಂಟರಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಮದುವೆಗೆ ನಾವೂ ಹೋದೆವು. ಗೇಟಿನಲ್ಲಿ ನಿಂತು ನೆಂಟರನ್ನು ಎದುರುಗೊಳ್ಳುತ್ತಿದ್ದವರು ಸೋದರಮಾವನವರೇ. ಅವರ ತಂಗಿಯ ಮುಖ ನೋಡಬೇಕಿತ್ತು. ಮದುಮಗಳಿಗಿಂತ ಆಕೆಯೇ ಹೆಚ್ಚು ಹೊಳೆಯುತ್ತಿದ್ದರು. ಪ್ಲಾಂಟರಿಗೂ ಮನಸ್ಸು ತುಂಬಿಬಂದಿತ್ತು. ಚಪ್ಪರ ಚೆನ್ನಾಗಿದೆ ಎಂದರೆ "ಬಾವನವರು ನಿಂತು ಹಾಕಿಸಿದ್ದು", ಬಾಳೆ ಚೆನ್ನಾಗಿದೆ ಎಂದರೆ "ಬಾವನ ತೋಟದ್ದು". ಬೆಳಗಿನಿಂದ ಅದೇ ಮಾತು ಬಾಯಿಪಾಠವಾಗಿತ್ತು.

ಸಸ್ಯಾಹಾರಿಗಳಿಗೆ ಬೇರೆ ಪಂಕ್ತಿ. ಸಾಹೇಬರು, ನಾನು, ನಮ್ಮ ಪಕ್ಕದಲ್ಲಿ ಮಡಿಕೇರಿಯ ಒಬ್ಬ ವಕೀಲರು. ಊಟದ ಕೊನೆಗೆ ಗಡ್ಡೆ ಮೊಸರು ಬಂತು. ಪ್ಲಾಂಟರು ಉಪಚಾರ ಹೇಳುತ್ತಾ ನಮ್ಮ ಮುಂದೆ ಬಂದು ನಿಂತರು. ವಕೀಲರು ಅನ್ನಕ್ಕೆ ಮೊಸರು ಕಲಸಿ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಅರಳಿಸಿ ಹೇಳಿದರು: "ಎಂಥ ಮೊಸರು ಸ್ವಾಮಿ. ಹೆಪ್ಪು ಎಲ್ಲಿಂದ ತಂದಿರಿ?"

ಪ್ಲಾಂಟರು ಯೋಚಿಸದೆ ಕೈ ಮುಗಿದು, "ಹೆಪ್ಪು ನಮ್ಮ ಬಾವನ ಮನೆಯಿಂದಲೇ ತಂದದ್ದು" ಎಂದುಬಿಟ್ಟರು.

ಇಡೀ ಪಂಕ್ತಿಯಲ್ಲಿ ಕೈಗಳು ಎಲೆಯ ಮೇಲೆಯೇ ನಿಂತವು. ಸಾಹೇಬರ ತುತ್ತು ಬಾಯಿಯ ಹತ್ತಿರ ಬಂದದ್ದು ಹಾಗೇ ಕೆಳಗಿಳಿಯಿತು. ವಕೀಲರೊಬ್ಬರೇ ಏನೂ ತಿಳಿಯದೆ ಸುರಿದು ಉಣ್ಣುತ್ತಿದ್ದರು. ಅಷ್ಟರಲ್ಲಿ ಸೋದರಮಾವನವರು ಆ ಕಡೆಯಿಂದ ಬಂದರು, ಪಂಕ್ತಿಯನ್ನು ಒಮ್ಮೆ ಉದ್ದಕ್ಕೂ ನೋಡಿದರು, ವಕೀಲರ ಕಡೆ ಬಗ್ಗಿ ಬಹಳ ಗಂಭೀರವಾಗಿ ಹೇಳಿದರು:

"ಹೆಪ್ಪು ಕೊಟ್ಟದ್ದು ನಿಜ. ಆದರೆ ಮೊಸರಿಗಲ್ಲ."